ಗೀಸರಿನ ತಳದ ಕೆಸರು

ಓದಿದವರ ಮನೆಯಲ್ಲಿ ಯಾವ ವಸ್ತುವೇ ಆಗಲಿ ಎರಡು ಸಲ ಕೆಡುತ್ತದೆ ಎಂಬುದು ನನ್ನ ಅನುಭವ. ಮೊದಲನೆಯ ಸಲ ತಾನಾಗಿಯೇ ಕೆಡುತ್ತದೆ. ಎರಡನೆಯ ಸಲ, ಓದಿದವನು ಅದನ್ನು ಸರಿಮಾಡಲು ಕುಳಿತಾಗ ಕೆಡುತ್ತದೆ. ಓದದವರಿಗೆ ಈ ಎರಡನೆಯ ಕಂಟಕವಿಲ್ಲ. ಅವರು ಗೊತ್ತಿದ್ದವನನ್ನು ಕರೆಯುತ್ತಾರೆ, ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಊರಿನ ಸುದ್ದಿ ಮಾತಾಡುತ್ತಾರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಾರೆ. ಓದಿದವನಿಗೆ ಹಾಗೆ ಕರೆಯಲು ಬಾಯಿ ಬರುವುದಿಲ್ಲ. ಕರೆದರೆ ‘ನೀನು ಓದಿದ್ದು ಯಾತಕ್ಕೆ’ ಎಂದು ಮನೆಯ ಗೋಡೆಗಳೇ ಕೇಳುತ್ತವೆ ಎಂದು ಅವನಿಗೆ ಭ್ರಮೆ.

ನನಗೆ ಈ ಭ್ರಮೆ ಉಳಿದವರಿಗಿಂತ ಒಂದು ಪಾವು ಹೆಚ್ಚೇ ಇತ್ತು. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅವರಪ್ಪನೂ ಅದನ್ನೇ ಹೊತ್ತವರು. ನಮ್ಮ ಮನೆತನದಲ್ಲಿ ಕಾಲೇಜಿನ ಒಳಗೆ ಕಾಲಿಟ್ಟ ಮೊದಲಿಗ ನಾನು. ಅದಕ್ಕೆ ಮುಂಚೆ ಚಿಕ್ಕಪ್ಪ ಒಬ್ಬರು ಅದರ ಕಾಂಪೌಂಡಿನವರೆಗೆ ಹೋಗಿದ್ದರಂತೆ, ಸುಣ್ಣ ಹೊಡೆಯಲಿಕ್ಕೆ. ಉಚಿತ ಹಾಸ್ಟೆಲಿನ ಮುದ್ದೆ, ಮೇಲಿನ ತರಗತಿಯವರು ಬಿಟ್ಟುಕೊಟ್ಟ ಪುಸ್ತಕ, ಎರಡು ಜೊತೆ ಬಟ್ಟೆ, ಇಷ್ಟರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದೆ. ಪಾಸಾದ ದಿನ ಅಪ್ಪ ಮಂಡಿಯಿಂದ ಬಂದವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಇನ್ನು ಮೇಲೆ ಮನೆಯಲ್ಲಿ ಏನು ಕೆಟ್ಟರೂ ನೀನೇ ಮಾಡುತ್ತೀಯ ಅಲ್ಲವೇನಪ್ಪಾ ಎಂದು ಕೇಳಿದರು. ನಾನು ಹೂಂ ಎಂದೆ. ಅದೇ ಸಂಜೆ ನಮ್ಮ ಬೀದಿಯ ಎರಡು ರೇಡಿಯೊ, ಒಂದು ಹೊಲಿಗೆ ಯಂತ್ರ, ಒಂದು ಗೋಡೆ ಗಡಿಯಾರ ನಮ್ಮ ಜಗಲಿಗೆ ಬಂದವು. ಗಡಿಯಾರವನ್ನು ನಾನು ನಡೆಸಿದೆ. ಅದು ಹಿಂದಕ್ಕೆ ನಡೆಯಿತು, ಆದರೆ ನಡೆಯಿತು.

ಈ ಡಿಗ್ರಿಯೇ ನನ್ನನ್ನು ಸೌದಿ ಅರೇಬಿಯಕ್ಕೆ ತಂದದ್ದು. ಅಷ್ಟೇ ಅಲ್ಲ, ನನ್ನ ಹೆಂಡತಿ ಶಾರದೆಯನ್ನು ತಂದದ್ದೂ ಅದೇ. ಸಂಸಾರವನ್ನು ಕರೆಸಿಕೊಳ್ಳಬೇಕಾದರೆ ಇಕಾಮಾ ಎಂಬ ಅಲ್ಲಿನ ವಾಸದ ಪರವಾನಗಿಯಲ್ಲಿ ತಕ್ಕ ಹುದ್ದೆ ನಮೂದಾಗಿರಬೇಕು, ಹುದ್ದೆಗೆ ತಕ್ಕ ಡಿಗ್ರಿ ಇರಬೇಕು, ಡಿಗ್ರಿಯ ಬೆನ್ನಿನ ಮೇಲೆ ನಾಲ್ಕಾರು ಮುದ್ರೆಗಳು ಬಿದ್ದಿರಬೇಕು. ಎರಡು ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದ ಮೇಲೆ ಆ ಮುದ್ರೆಗಳೆಲ್ಲ ಬಿದ್ದು, ಶಾರದೆ ಧಹ್ರಾನ್ ವಿಮಾನ ನಿಲ್ದಾಣದಲ್ಲಿ ಇಳಿದಳು. ಅಲ್ ಖೋಬರಿನಲ್ಲಿ ಆರು ಮನೆಗಳ ಒಂದು ಕಟ್ಟಡದ ಎರಡನೆಯ ಮಹಡಿ ನಮ್ಮದಾಯಿತು. ಡಿಗ್ರಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ದೇವರ ಪಟ ಅಡುಗೆಮನೆಗೆ ಹೋಯಿತು. ಶಾರದೆ ಈ ಏರ್ಪಾಡನ್ನು ಒಪ್ಪಲಿಲ್ಲ, ಬದಲಿಸಲೂ ಇಲ್ಲ. ಎರಡಕ್ಕೂ ಒಂದೇ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದಳು.

ನಾನು ಕೆಲಸ ಮಾಡುತ್ತಿದ್ದದ್ದು ದಮ್ಮಾಮಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ಮನೆಯಷ್ಟು ದೊಡ್ಡ ಎರಡು ಉಗಿ ಬಾಯ್ಲರುಗಳು ನನ್ನ ಸುಪರ್ದಿಗೆ. ಓದುಗರಿಗೆ ಇಲ್ಲೊಂದು ಸಣ್ಣ ಪಾಠ ಹೇಳಬೇಕು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕುದಿದ ನೀರು ಉಗಿಯಾಗಿ ಹೋಗುವಾಗ ತನ್ನ ಕೊಳೆಯನ್ನು ಜೊತೆಗೆ ಒಯ್ಯುವುದಿಲ್ಲ, ತಳದಲ್ಲಿ ಬಿಟ್ಟು ಹೋಗುತ್ತದೆ. ಅದನ್ನು ಹಾಗೇ ಬಿಟ್ಟರೆ ಬಾಯ್ಲರಿಗೆ ಅಪಾಯ. ಆದ್ದರಿಂದ ಪ್ರತಿ ಪಾಳಿಯಲ್ಲೂ, ಒಳಗೆ ಒತ್ತಡ ಇರುವಾಗಲೇ, ತಳದ ವಾಲ್ವನ್ನು ಹತ್ತು ಎಣಿಸುವಷ್ಟು ಹೊತ್ತು ತೆರೆದು ಮುಚ್ಚಬೇಕು. ಒಳಗಿನ ಒತ್ತಡವೇ ಕೆಸರನ್ನೆಲ್ಲ ಹೊರಕ್ಕೆ ದಬ್ಬುತ್ತದೆ. ಈ ವಿಷಯವಾಗಿ ನಾನು ಹೊಸಬರಿಗೆ ಮುಕ್ಕಾಲು ಗಂಟೆ ಪಾಠ ಮಾಡುತ್ತಿದ್ದೆ. ವಾಲ್ವನ್ನು ನಾನೇ ಒಮ್ಮೆಯೂ ತಿರುಗಿಸಿರಲಿಲ್ಲ ಎಂಬುದು ಬೇರೆ ಮಾತು. ತಿರುಗಿಸಿದ್ದಾರೆ ಎಂದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು.

ಇನ್ನು ಮನೆಯ ಗೀಸರಿನ ವಿಷಯ. ಖೋಬರಿನ ಬೇಸಿಗೆಯಲ್ಲಿ ಗೀಸರಿನ ಧರ್ಮವೇ ತಿರುಗುಮುರುಗಾಗುತ್ತದೆ. ಮಾಳಿಗೆಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲಿ ಟೀ ಸೊಪ್ಪು ಹಾಕಬಹುದಾದಂಥ ನೀರು ಬರುತ್ತದೆ. ಆಗ ಎಲ್ಲರೂ ಮಾಡುವ ಉಪಾಯವೆಂದರೆ ಗೀಸರಿನ ಸ್ವಿಚ್ಚು ಆರಿಸಿಬಿಡುವುದು. ಮನೆಯೊಳಗಿನ ನೆರಳಲ್ಲಿ ಅದರ ಹೊಟ್ಟೆಯ ನೀರು ಒಂದಿಷ್ಟು ತಣಿಯುತ್ತದೆ. ಹೀಗಾಗಿ ಬೇಸಿಗೆಯ ಐದಾರು ತಿಂಗಳು ಬಿಸಿನೀರು ಬೇಕಾದವರು ನೀಲಿ ಗುರುತಿನ ನಲ್ಲಿಯನ್ನೂ ತಣ್ಣೀರು ಬೇಕಾದವರು ಕೆಂಪು ಗುರುತಿನದನ್ನೂ ತಿರುಗಿಸಬೇಕು. ಹೊಸದಾಗಿ ಬಂದವರು ಇದನ್ನು ಬೆನ್ನು ಸುಟ್ಟುಕೊಂಡೇ ಕಲಿಯುವುದು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಮಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ನಮ್ಮತ್ತೆ ನಂಜಮ್ಮನವರು ಅರಸೀಕೆರೆಯಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿಳಿದರು. ಪೆಟ್ಟಿಗೆಯಲ್ಲಿ ಹರಳೆಣ್ಣೆ, ಕಡ್ಲೆಹಿಟ್ಟು, ಸಾಂಬ್ರಾಣಿ, ಒಂದು ಮರದ ಮಣೆ. ಮಣೆಯನ್ನು ಕಂಡು ಕಸ್ಟಮ್ಸಿನವನು ಅದೇನೆಂದು ಕೇಳಿದ್ದಕ್ಕೆ ಅತ್ತೆ ಅದನ್ನು ನೆಲಕ್ಕೆ ಹಾಕಿ, ಕಾಲು ಚಾಚಿ ಕೂತು ತೋರಿಸಿದರಂತೆ. ಅವನು ಬೇರೇನನ್ನೂ ಬಿಚ್ಚಿ ನೋಡದೆ ಕಳಿಸಿದನಂತೆ.

ಬಾಣಂತಿಗೂ ಮಗುವಿಗೂ ಎರೆಯುವುದೆಂದರೆ ಅತ್ತೆಯ ಲೆಕ್ಕದಲ್ಲಿ ಎರಡು ಹಂಡೆ ನೀರು. ಮೊದಲ ದಿನ ನಾನು ಹೆಮ್ಮೆಯಿಂದ ಗೀಸರಿನ ಸ್ವಿಚ್ಚು ಹಾಕಿ, ಇಲ್ಲಿ ಸೌದೆ ಒಟ್ಟುವ ಕಷ್ಟವಿಲ್ಲ ಅತ್ತೆ ಎಂದೆ. ಅರ್ಧ ಗಂಟೆಯ ಮೇಲೆ ಅವರು ನಲ್ಲಿ ತಿರುಗಿಸಿದರು. ಬಂದದ್ದು ಬೆಲ್ಲದ ಪಾನಕದ ಬಣ್ಣದ ನೀರು. ಬಿಟ್ಟು ನೋಡಿದೆವು. ಪಾನಕ ಹೋಗಿ ಕಷಾಯವಾಯಿತು. ಅತ್ತೆ ನಲ್ಲಿ ನಿಲ್ಲಿಸಿ, ತಣ್ಣೀರಿನ ನಲ್ಲಿಯದೂ ತುಸು ಮಸುಕಾಗಿದ್ದರಿಂದ, ಕುಡಿಯಲು ತರಿಸಿದ್ದ ಕ್ಯಾನಿನ ನೀರನ್ನು ಅಡುಗೆಯ ಪಾತ್ರೆಗಳಲ್ಲಿ ಕಾಯಿಸಿ ಆ ದಿನದ ಕೆಲಸ ಮುಗಿಸಿದರು. ಮರುದಿನವೂ ಹಾಗೇ, ಅದರ ಮರುದಿನವೂ. ಒಲೆಯ ಮೇಲೆ ನಾಲ್ಕೂ ಕಡೆ ಸ್ನಾನದ ನೀರು ಕಾಯುತ್ತಿದ್ದುದರಿಂದ ನಾನು ಬ್ರೆಡ್ ತಿಂದು ಕೆಲಸಕ್ಕೆ ಹೋಗುತ್ತಿದ್ದೆ. ಬಾಣಂತಿಗೆ ಮಾತ್ರ ಆ ನೀರು ಬೆನ್ನಿಗೆ ಸಾಕಾದರೆ ತಲೆಗಿಲ್ಲ.

ವಾರ ಕಳೆದ ಮೇಲೆ ಅತ್ತೆ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಅವರು ದನಿ ಏರಿಸುವ ಪೈಕಿ ಅಲ್ಲ.

“ಅಳಿಯಂದ್ರೇ, ಶುಕ್ರವಾರ ನಿಮಗೆ ರಜ. ಅಷ್ಟೊತ್ತಿಗೆ ನೀರು ತಿಳಿಯಾದ್ರೆ ಸರಿ. ಇಲ್ಲಾಂದ್ರೆ ಮಗಳನ್ನೂ ಮಗೂನೂ ನಾನು ಅರಸೀಕೆರೆಗೆ ಕರ್ಕೊಂಡು ಹೋಗ್ತೀನಿ. ಐದು ತಿಂಗಳು ತುಂಬಿಸಿ ಕಳಿಸ್ತೀನಿ. ನೀವು ಬೇಜಾರು ಮಾಡ್ಕೋಬಾರದು.”

ನಾನು ಲೆಕ್ಕ ಹಾಕಿದೆ. ಐದು ತಿಂಗಳೆಂದರೆ ಮಗು ಮಗ್ಗುಲಾಗುವುದು, ಬೋರಲಾಗುವುದು, ಮೊದಲ ಸಲ ನಗುವುದು ಎಲ್ಲ ಅಲ್ಲೇ ಮುಗಿದುಹೋಗುತ್ತದೆ. ಶಾರದೆ ಅಮ್ಮನ ಮಾತಿಗೆ ಎದುರಾಡಲಿಲ್ಲ. ಆದರೆ ರಾತ್ರಿ ಮಗುವಿನ ಬಟ್ಟೆ ಮಡಿಸುತ್ತಾ, “ಏನಾದ್ರೂ ಮಾಡ್ರೀ, ನಂಗೆ ಹೋಗಕ್ಕೆ ಇಷ್ಟವಿಲ್ಲ” ಎಂದಳು. ಮರುದಿನ ಆಫೀಸಿನಲ್ಲಿ ಅವಳು ಸೌದಿ ಬಿಟ್ಟು ಹೋಗಿಬರಲು ಬೇಕಾದ ವೀಸಾದ ಅರ್ಜಿ ಹಾಳೆಯನ್ನು ತೆಗೆದುಕೊಂಡೆ. ಹೆಸರಿನವರೆಗೆ ತುಂಬಿ, ಮುಂದಕ್ಕೆ ಕೈ ಹೋಗದೆ, ಚೀಲಕ್ಕೆ ಹಾಕಿಕೊಂಡೆ.

ಆ ಹೊತ್ತಿಗೆ ವಾಸಣ್ಣನಿಗೆ ವಿಷಯ ತಿಳಿಯಿತು. ವಾಸಣ್ಣ ಕೋಟದ ಕಡೆಯವನು, ನಮ್ಮ ಹಿಂದಿನ ಕಟ್ಟಡದಲ್ಲಿ ನಾಲ್ಕು ಜನರ ಜೊತೆ ಕೋಣೆ ಮಾಡಿಕೊಂಡಿದ್ದ, ಕಟ್ಟಡಗಳ ಪೈಪು ರಿಪೇರಿಯ ಕಂಪನಿಯಲ್ಲಿ ಫಿಟ್ಟರು. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅವನ ಹೆಂಡತಿ ಮಗ ಊರಿನಲ್ಲಿ, ಮಗನನ್ನು ಅವನು ಎರಡೇ ಸಲ ನೋಡಿದ್ದ. ನಮ್ಮ ಮಗುವನ್ನು ನೋಡಲು ಬಂದು, ಕೈ ಒರಟು ಎಂದು ಮುಟ್ಟದೆ ದೂರದಿಂದಲೇ ನೋಡಿ ಹೋಗಿದ್ದ. ಅಂಥವನು ಬಂದು, “ಎಂತ ಎಂಜಿನಿಯರ್ರೆ, ಗೀಸರ್ ಅಲ್ವಾ? ಶುಕ್ರವಾರ ಬಂದು ಬಿಚ್ಚಿ ತೊಳೆದು ಕೊಡ್ತೇನೆ, ಒಂದು ಗಂಟೆ ಕೆಲಸ” ಎಂದ. ನಾನು ನಕ್ಕು, ಬೇಡ ವಾಸಣ್ಣ, ಇದು ನನ್ನದೇ ಸಬ್ಜೆಕ್ಟು, ಬಿಚ್ಚುವ ಅಗತ್ಯವೇ ಇಲ್ಲ ಎಂದೆ. ಬಾಯ್ಲರಿನ ತಳದ ಒತ್ತಡದ ವಿಷಯವನ್ನು ಅವನಿಗೂ ಹೇಳಿದೆ. ಅವನು ಪೂರ್ತಿ ಕೇಳಿ, “ಆಯ್ತು ಮಾರಾಯ್ರೆ, ನಾನು ಕೋಣೆಯಲ್ಲೇ ಇರ್ತೇನೆ” ಎಂದು ಹೋದ. ಕೋಣೆಯಲ್ಲೇ ಇರುತ್ತೇನೆಂದು ಅವನು ಯಾಕೆ ಹೇಳಿದ ಎಂದು ನಾನು ಯೋಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಬೂಟು, ಕೈಗವಸು, ಕನ್ನಡಕ ಧರಿಸಿ ಬಚ್ಚಲಿಗೆ ಹೋದೆ. ಏನೇನು ಮಾಡಬೇಕೆಂದು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಬಾಗಿಲಿಗೆ ಅಂಟಿಸಿದ್ದೆ. ಅತ್ತೆ ಅದನ್ನು ನೋಡಿ, ಪೂಜೆ ಎಷ್ಟು ಹೊತ್ತಿನದು ಎಂದು ಮಗಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಕರೆಂಟು ತೆಗೆದೆ. ಅಷ್ಟು ಸರಿಯಾಗಿಯೇ ಮಾಡಿದೆ. ಆಮೇಲೆ, ಒಳಕ್ಕೆ ಬರುವ ನೀರನ್ನು ನಿಲ್ಲಿಸದೆ, ಏಕೆಂದರೆ ಒತ್ತಡ ಬೇಕಲ್ಲ, ಗೀಸರಿನ ತಳದಲ್ಲಿದ್ದ ಪುಟ್ಟ ನಲ್ಲಿಯನ್ನು ಜೋರಾಗಿ ತಿರುಗಿಸಿ ಎಣಿಸಲು ಶುರುಮಾಡಿದೆ. ಒಂದು, ಎರಡು, ಮೂರು. ಸಿದ್ಧಾಂತ ಪೂರ್ತಿ ನಿಜವಾಯಿತು. ರಾಗಿ ಅಂಬಲಿಯಂಥ ಕೆಸರು ಬುಗ್ಗೆಂದು ಹೊರಬಂದು, ಎದುರಿನ ಬಿಳಿ ಗೋಡೆಗೆ ಹೊಡೆದು, ಅಲ್ಲಿಂದ ನನ್ನ ಕನ್ನಡಕಕ್ಕೆ ಬಂತು. ಹತ್ತು ಎಣಿಸಿ ನಲ್ಲಿ ಮುಚ್ಚಲು ಹೋದೆ. ಮುಚ್ಚಲಿಲ್ಲ. ಒಳಗಿನ ಸುಣ್ಣದ ಚಕ್ಕೆಯೊಂದು ಬಂದು ಅದರ ಬಾಯಲ್ಲಿ ಸಿಕ್ಕಿಕೊಂಡಿತ್ತು. ಈಗಲಾದರೂ ಒಳಬರುವ ನೀರನ್ನು ನಿಲ್ಲಿಸೋಣವೆಂದು ಆ ವಾಲ್ವು ಹಿಡಿದೆ. ಎಷ್ಟೋ ವರ್ಷ ಯಾರೂ ಮುಟ್ಟದಿದ್ದ ಅದರ ಹಿಡಿ ನನ್ನ ಕೈಗೆ ಬಂತು. ವಾಲ್ವು ಗೋಡೆಯಲ್ಲೇ ಉಳಿಯಿತು.

ಬಚ್ಚಲಿನ ತೂಬು ಕೆಸರಿನಿಂದ ಕಟ್ಟಿಕೊಂಡು ನೀರು ಹೊಸ್ತಿಲು ದಾಟಿತು. ಶಾರದೆ ಮಗುವನ್ನೆತ್ತಿಕೊಂಡು ಮಂಚ ಹತ್ತಿದಳು. ಅತ್ತೆ ಸೆರಗು ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ, ನಡುಮನೆಯ ಜಮಖಾನದ ಕಡೆಗೆ ಹೊರಟಿದ್ದ ಪ್ರವಾಹವನ್ನು ಹಳೆಯ ಸೀರೆಯಲ್ಲಿ ತಡೆದು ಬಕೆಟ್ಟಿಗೆ ಹಿಂಡತೊಡಗಿದರು. ನಾನು ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದೆ. ಅತ್ತೆ ಬಕೆಟ್ಟಿನ ತಳದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ ಹೇಳಿದರು:

“ಇದು ಕಬ್ಬಿಣದ ತುಕ್ಕಲ್ಲ ಕಣ್ರೀ, ಮಣ್ಣು. ಇಷ್ಟು ಮಣ್ಣು ಗೀಸರಲ್ಲಿ ಹುಟ್ಟಲ್ಲ, ಮೇಲಿಂದಾನೇ ಬಂದಿರೋದು. ಹೋಗಿ ಮಾಳಿಗೆ ಮೇಲೆ ನೀರು ನಿಲ್ಸಿ ಮೊದ್ಲು.”

ಇಷ್ಟು ಸರಳವಾದ ಮಾತು ನನ್ನ ಬಾಗಿಲ ಹಾಳೆಯಲ್ಲಿ ಇರಲಿಲ್ಲ. ಬೂಟಿನಲ್ಲಿ ಚಪ್ ಚಪ್ ಎನ್ನುತ್ತಾ ಮಾಳಿಗೆ ಹತ್ತಿ, ಟ್ಯಾಂಕಿನ ಬುಡದ ದೊಡ್ಡ ವಾಲ್ವನ್ನು ತಿರುಗಿಸಿದೆ. ನೀರು ನಿಂತಿತು. ನಮ್ಮ ಮನೆಯಲ್ಲಿ ಮಾತ್ರವಲ್ಲ, ಆರು ಮನೆಗಳಲ್ಲೂ ನಿಂತಿತು. ಶುಕ್ರವಾರದ ನಮಾಜಿಗೆ ಮುಂಚಿನ ಹೊತ್ತು, ಕಟ್ಟಡದ ಗಂಡಸರೆಲ್ಲ ಸ್ನಾನದಲ್ಲಿದ್ದರು. ಎರಡೇ ನಿಮಿಷದಲ್ಲಿ ಒಬ್ಬೊಬ್ಬರಾಗಿ ಮೇಲೆ ಬಂದರು. ಒಬ್ಬರ ತಲೆಯ ತುಂಬ ಸೋಪಿನ ನೊರೆ, ಇನ್ನೊಬ್ಬರ ಅರ್ಧ ಮುಖಕ್ಕೆ ಮಾತ್ರ ಕ್ಷೌರ. ಅವರ ಹಿಂದೆ ಕಟ್ಟಡದ ಕಾವಲುಗಾರ ಇದ್ರೀಸ್, ಸೂಡಾನಿನವನು. ಗದ್ದಲ ಕೇಳಿ ಕೋಣೆಯಿಂದ ಓಡಿ ಬಂದ ವಾಸಣ್ಣ ಎಲ್ಲರಿಗಿಂತ ಹಿಂದೆ.

ಇನ್ನೇನು ನಾನು ಇದ್ರೀಸನ ಮೇಲೆ ರೇಗಬೇಕೆಂದಿದ್ದೆ. ಏಕೆಂದರೆ ಟ್ಯಾಂಕಿಗೆ ಮುಚ್ಚಳವೇ ಇರಲಿಲ್ಲ. ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದರು. ಬೇಸಿಗೆಯ ಅಷ್ಟೂ ಮರಳುಗಾಳಿ ನೆಟ್ಟಗೆ ಟ್ಯಾಂಕಿಗೇ ಸುರಿದಿತ್ತು. ಇದನ್ನು ಯಾರು ತೆಗೆದದ್ದು ಎಂದು ಗಟ್ಟಿಯಾಗಿ ಕೇಳಿದೆ. ಇದ್ರೀಸ್ ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿ, ಟ್ಯಾಂಕಿನ ಆ ಬದಿಗೆ ಹೋಗಿ, ತಂತಿಯಲ್ಲಿ ಕಟ್ಟಿದ್ದ ಒಂದು ಕಾರ್ಡನ್ನು ಎತ್ತಿ ತೋರಿಸಿದ. “ಮುಹಂದಿಸ್, ನೀವೇ” ಎಂದ. ಮುಹಂದಿಸ್ ಎಂದರೆ ಎಂಜಿನಿಯರ್.

ಆಗ ನೆನಪಾಯಿತು. ಜೂನ್ ತಿಂಗಳಲ್ಲಿ, ಟ್ಯಾಂಕಿನ ನೀರು ಕುದಿಯುತ್ತದೆ ಎಂದು ಎಲ್ಲರೂ ಗೋಳಾಡುತ್ತಿದ್ದಾಗ, ಮುಚ್ಚಳ ತೆಗೆದರೆ ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ, ನಮ್ಮೂರ ಮಣ್ಣಿನ ಹೂಜಿಯ ಹಾಗೆ, ಎಂದು ನಾನು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು, ಅದರಲ್ಲಿ ಮರಳು ಇರಲಿಲ್ಲ ಅಷ್ಟೆ. ಇದ್ರೀಸ್ ಮತ್ತೆ ಮುಚ್ಚಿಬಿಟ್ಟಾನೆಂದು ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ‘ಮುಚ್ಚಳ ಮುಚ್ಚಬಾರದು’ ಎಂದು ಬರೆದು, ಪ್ಲಾಸ್ಟಿಕ್ ಹೊದಿಸಿ, ಕೆಳಗೆ ಸಹಿ ಹಾಕಿದ್ದೆ. ಸಹಿಯ ಕೆಳಗೆ ಹೆಸರು. ಹೆಸರಿನ ಮುಂದೆ ಬಿ.ಇ. ಬಿಸಿಲಿಗೆ ಉಳಿದ ಅಕ್ಷರಗಳೆಲ್ಲ ಮಾಸಿದ್ದವು. ಆ ಎರಡು ಅಕ್ಷರಗಳನ್ನು ಮಾತ್ರ ನಾನು ಬೇರೆ ಶಾಯಿಯಲ್ಲಿ ದಪ್ಪಗೆ ಬರೆದಿದ್ದೆನೆಂದು ಕಾಣುತ್ತದೆ, ಚೆನ್ನಾಗಿ ಉಳಿದಿದ್ದವು.

ನೊರೆಯವರು ಓದಿದರು. ಅರ್ಧ ಕ್ಷೌರದವರು ಓದಿದರು. ಯಾರೂ ಏನೂ ಅನ್ನಲಿಲ್ಲ. ಪರದೇಶದ ನೆರೆಹೊರೆಯವರಿಗೆ ಅಷ್ಟು ದಾಕ್ಷಿಣ್ಯ ಇರುತ್ತದೆ. ಅಂದದ್ದು ವಾಸಣ್ಣ ಒಬ್ಬನೇ, ಅದೂ ಕನ್ನಡದಲ್ಲಿ, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ:

“ಡಿಗ್ರಿ ತೋರಿಸಿ ಹೆಂಡ್ತಿಯನ್ನು ಕರ್ಕೊಂಡು ಬಂದ್ರಿ. ಈಗ ಅದೇ ಡಿಗ್ರಿಯಿಂದ ವಾಪಸ್ ಕಳಿಸ್ಲಿಕ್ಕೆ ಹೊರಟಿದ್ದೀರಲ್ಲ ಮಾರಾಯ್ರೆ.”

ಅವನು ನಗುತ್ತಿರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಆಗದವನ ಬಾಯಲ್ಲಿ ಬಂದ ಆ ಮಾತು ಕೆಸರಿಗಿಂತ ಜೋರಾಗಿ ಮುಖಕ್ಕೆ ಹೊಡೆಯಿತು. ವಾಸಣ್ಣ, ಹೇಗೆ ಮಾಡಬೇಕು ಹೇಳು, ನಾನು ಮಾಡುತ್ತೇನೆ ಎಂದೆ. ನನ್ನ ಜೀವನದಲ್ಲಿ ಆ ವಾಕ್ಯವನ್ನು ಅದಕ್ಕೆ ಮುಂಚೆ ಆಡಿದ ನೆನಪಿಲ್ಲ.

ಜನ ಹೇಗೋ ಬಕೆಟ್ಟಿನ ನೀರಲ್ಲಿ ಸ್ನಾನ ಮುಗಿಸಿ ನಮಾಜಿಗೆ ಹೋಗಿ ಬಂದರು. ಆಮೇಲೆ ಎಲ್ಲರೂ ಸೇರಿ ಟ್ಯಾಂಕು ಬರಿದು ಮಾಡಿದೆವು. ಒಳಗಿಳಿಯಲು ನಾನೇ ಸರಿ ಎಂದು ಎಲ್ಲರೂ ಚರ್ಚೆಯಿಲ್ಲದೆ ತೀರ್ಮಾನಿಸಿದರು. ನಾಲ್ಕು ಬೆರಳು ದಪ್ಪದ ಮಣ್ಣು, ಪಾರಿವಾಳದ ಪುಕ್ಕಗಳು, ಒಂದು ಅರಬ್ಬಿ ಪತ್ರಿಕೆಯ ಕ್ರೀಡಾ ಪುಟ. ನಾನು ತುಂಬಿ ಕೊಟ್ಟ ಹಾಗೆ ಇದ್ರೀಸ್ ಮೇಲಿನಿಂದ ಎಳೆದುಕೊಂಡು, ಪ್ರತಿ ಬಕೆಟ್ಟಿಗೂ “ಯಲ್ಲಾ ಮುಹಂದಿಸ್”, ಎಂದರೆ ನಡೀರಿ ಎಂಜಿನಿಯರೇ, ಎನ್ನುತ್ತಿದ್ದ. ಟ್ಯಾಂಕು ತೊಳೆದು, ತುಂಬಿಸಿ, ಮುಚ್ಚಳ ಮುಚ್ಚಿ, ಅದರ ಮೇಲೆ ಎರಡು ಇಟ್ಟಿಗೆ ಹೇರಿ ಕೆಳಗೆ ಬಂದೆವು. ಅಷ್ಟರಲ್ಲಿ ವಾಸಣ್ಣ ಗೀಸರಿನ ತಳದ ಬಿಲ್ಲೆ ಬಿಚ್ಚಿ ಕೂತಿದ್ದ. ಒಳಗಿನ ನೀರು ಕಾಯಿಸುವ ಸರಳಿಗೆ ಸುಣ್ಣ ಹತ್ತಿ ಅದು ಬಿಳಿ ಮೂಲಂಗಿಯ ಹಾಗೆ ಕಾಣುತ್ತಿತ್ತು. ಅತ್ತೆಯ ಹತ್ತಿರ ಒಂದು ಹಳೆಯ ಸೌಟು ಕೇಳಿ ಪಡೆದು ನನ್ನ ಕೈಗಿತ್ತ. ಅವನು ಹೇಳಿದ ಹಾಗೆ ಕೈ ತೂರಿಸಿ, ಉಳಿದ ಕೆಸರನ್ನೆಲ್ಲ ಸೌಟಿನಲ್ಲಿ ಬಾಚಿದೆ. ಅವನು ಹೊಸ ನಲ್ಲಿ, ಹೊಸ ವಾಲ್ವು ಹಾಕಿ, ಮೂರು ಸಲ ತುಂಬಿಸಿ ಮೂರು ಸಲ ಖಾಲಿ ಮಾಡಿದ. ನಾಲ್ಕನೆಯ ಸಲ ಬಂದ ನೀರನ್ನು ಅತ್ತೆ ಒಂದು ಸ್ಟೀಲ್ ತಟ್ಟೆಗೆ ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ತಟ್ಟೆಯ ಮಧ್ಯೆ ಕೊರೆದಿದ್ದ ಮಾವನವರ ಹೆಸರು ಸ್ಪಷ್ಟವಾಗಿ ಕಂಡಿತು. ಅವರು ಹೂಂ ಎಂದರು, ಅಷ್ಟೆ.

ಮುಚ್ಚಳ ತೆಗೆದಿಟ್ಟವನು ಇದ್ರೀಸ್ ಎಂದುಬಿಡಲು ನನಗೆ ಒಂದು ಕ್ಷಣ ಮನಸ್ಸಾಗಿತ್ತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಮಾಳಿಗೆಗೆ ಅವರು ಹತ್ತುವುದಿಲ್ಲ. ಆದರೂ ಊಟಕ್ಕೆ ಕೂತಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶಾರದೆ ತಲೆ ತಗ್ಗಿಸಿದಳು. ನಗು ತಡೆಯಲಿಕ್ಕೆ ಎಂದು ಭುಜ ಅಲುಗಿದ್ದರಿಂದ ಗೊತ್ತಾಯಿತು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, “ಓದದೋರು ತಪ್ಪು ಮಾಡಿದ್ರೆ ಅವರ ಮನೆಗೆ ಮಾತ್ರ ಆಗುತ್ತೆ. ಓದಿದೋರು ಮಾಡಿದ್ರೆ ಆರು ಮನೆಗೂ ಸಮನಾಗಿ ಹಂಚ್ತಾರೆ” ಎಂದರು. ಊರಿಗೆ ಹೋಗುವ ವಿಷಯವನ್ನು ಮಾತ್ರ ಅವರೂ ಎತ್ತಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ. ಅರ್ಜಿ ಚೀಲದಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಗೀಸರು ಗುಂಯ್ ಎನ್ನುತ್ತಾ ಕಾಯಿತು. ಬಚ್ಚಲ ತುಂಬ ತಿಳಿಯಾದ ಹಬೆ. ಮಗುವಿಗೆ ಎಣ್ಣೆ ತಿಕ್ಕಿ ಆಗಿತ್ತು. ನಾನು ಕೆಲಸಕ್ಕೆ ಹೊರಟವನು ಇಣುಕಿ ನೋಡಿದರೆ, ಅತ್ತೆ ಮಣೆಯ ಪಕ್ಕದಲ್ಲಿ ಗೋಡೆ ಹಿಡಿದು ನಿಂತಿದ್ದರು. ಹಿಂದಿನ ದಿನದ ಪ್ರವಾಹ ಒರೆಸಿ ಅವರ ಮಂಡಿ ಹಿಡಿದುಕೊಂಡಿತ್ತು. ಕಾಲು ಚಾಚಿ ಕೂರಲು ಆಗುತ್ತಿರಲಿಲ್ಲ. ಬಾಣಂತಿಯನ್ನು ಬಗ್ಗಿಸಿ ಕೂರಿಸುವ ಹಾಗಿಲ್ಲ.

“ಪ್ಯಾಂಟು ಮಡಿಸ್ಕೊಳ್ಳಿ. ನೀವೇ ಕೂತ್ಕೋಬೇಕು” ಎಂದರು ಅತ್ತೆ.

ಕೂತೆ. ಚಾಚಿದ ನನ್ನ ಎರಡು ಮೊಣಕಾಲುಗಳ ನಡುವಿನ ಓಣಿಯಲ್ಲಿ, ಎಣ್ಣೆಗೆ ಜಾರುತ್ತಿದ್ದ ಮಗುವನ್ನು ಮಲಗಿಸಿದರು. ನೀರು ಎಷ್ಟು ಡಿಗ್ರಿ ಇರಬೇಕು ಅತ್ತೆ ಎಂದು ಕೇಳಿದೆ. ಅವರು ನನ್ನ ಕೈಯನ್ನೇ ಹಿಡಿದು ಬಕೆಟ್ಟಿಗೆ ಅದ್ದಿ, ಇಷ್ಟು ಎಂದರು. ಶಾರದೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಒಂದೊಂದೇ ಚೊಂಬು ಎರೆದೆ. ಕಡ್ಲೆಹಿಟ್ಟು ಹಚ್ಚಿದೆ. ಮೊದಲು ಮನೆ ಹಾರಿಹೋಗುವ ಹಾಗೆ ಅತ್ತ ಮಗು ಮೂರನೆಯ ಚೊಂಬಿಗೆ ಸುಮ್ಮನಾಗಿ, ಕಣ್ಣು ಬಿಟ್ಟು, ಈ ಹೊಸ ನೌಕರ ಯಾರು ಎಂಬಂತೆ ನನ್ನನ್ನೇ ನೋಡಿತು. ಕಾರ್ಖಾನೆಗೆ ಒಂದು ಗಂಟೆ ತಡವಾಗಿತ್ತು. ಎರಡು ಬಾಯ್ಲರುಗಳ ತಳ ಯಾರು ತೆರೆದರು, ಯಾರು ಮುಚ್ಚಿದರು, ನನಗೆ ಗೊತ್ತಿರಲಿಲ್ಲ.

ಒರೆಸಿ, ಸಾಂಬ್ರಾಣಿ ಹಾಕಿ, ಮಗುವನ್ನು ಕೈಗೆತ್ತಿಕೊಂಡ ಅತ್ತೆ ತಪಾಸಣೆ ಶುರುಮಾಡಿದರು. ಕಿವಿಯ ಹಿಂದೆ ನೋಡಿದರು. ಕತ್ತಿನ ಮಡಿಕೆ ಬಿಡಿಸಿ ನೋಡಿದರು. ಕಂಕುಳಿಂದ ಒಂದು ಚೂರು ಕಡ್ಲೆಹಿಟ್ಟನ್ನು ಉಗುರಿನಲ್ಲಿ ತೆಗೆದು ನನ್ನ ಮುಂದೆ ಹಿಡಿದರು.

“ಸಂದಿಯೆಲ್ಲ ಹಾಗೇ ಬಿಟ್ಟಿದ್ದೀರಲ್ಲ. ನಾಳೆ ಸರಿಯಾಗಿ ತೊಳೀಬೇಕು.”

ನಾನು ಶಾರದೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಾಳೆ ಎಂದರು ಅತ್ತೆ. ಒಂದನೆಯ ತರಗತಿಯಿಂದ ಬಿ.ಇ.ವರೆಗೆ ಒಂದು ವಿಷಯದಲ್ಲೂ ಫೇಲಾಗದ ನಾನು ಆ ದಿನ, ಹದಿನೆಂಟು ದಿನದ ಮಗುವಿನ ಕಂಕುಳಿನಲ್ಲಿ ಫೇಲಾಗಿ, ಒದ್ದೆ ಪ್ಯಾಂಟಿನಲ್ಲೇ ಟ್ಯಾಕ್ಸಿ ಹತ್ತಿ, ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಕಾರ್ಖಾನೆಗೆ ಹೋದೆ.